ಗೆದ್ದವರೂ ಉಳಿಯಲಿಲ್ಲ

ವಕೀಲಿಕೆ ಬಿಟ್ಟ ಮೇಲೂ ತೀರ್ಪು ಓದುವ ಚಟ ನನ್ನನ್ನು ಬಿಟ್ಟಿಲ್ಲ. ನಾನು ಮತ್ತೆ ಮತ್ತೆ ತೆರೆದು ಕೂರುವುದು ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ದಾವೆಯನ್ನು.

ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ನಿನ ಆಟಗಳನ್ನು ಮ್ಯಾಕ್ ಕಂಪ್ಯೂಟರಿನಲ್ಲೇ ಆಡಿಸುವ ‘ವರ್ಚುವಲ್ ಗೇಮ್ ಸ್ಟೇಷನ್’ ಎಂಬ ಎಮ್ಯುಲೇಟರನ್ನು ಕನೆಕ್ಟಿಕ್ಸ್ ಮಾಡಿತ್ತು. 1999ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಅದನ್ನು ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ ತೋರಿಸಿದರು. ಬೆಲೆ 49 ಡಾಲರ್. ಅದೇ ತಿಂಗಳು ಸೋನಿ ಕೋರ್ಟಿಗೆ ಹೋಯಿತು.

ತಕರಾರು ಇದ್ದದ್ದು ಬಯಾಸ್ ಬಗ್ಗೆ, ಅಂದರೆ ಯಂತ್ರದ ಚಿಪ್‌ನೊಳಗಿನ ಮೂಲ ಪ್ರೋಗ್ರಾಂ ಬಗ್ಗೆ. ಕನೆಕ್ಟಿಕ್ಸ್ ಸೋನಿಯ ಹತ್ತಿರವೇ ತಾಂತ್ರಿಕ ನೆರವು ಕೇಳಿ ಇಲ್ಲ ಅನ್ನಿಸಿಕೊಂಡಿತ್ತು. ಅದರ ಎಂಜಿನಿಯರುಗಳು ಒಂದು ಪ್ಲೇಸ್ಟೇಷನ್ ಕೊಂಡು, ಬಯಾಸ್ ಇಳಿಸಿಕೊಂಡು, ಅದರ ನಡೆ ನೋಡಿ ನೋಡಿ ತಮ್ಮದೇ ಬಯಾಸ್ ಬರೆದರು. ಮಾರಿದ ಮಾಲಿನಲ್ಲಿ ಸೋನಿಯ ಕೋಡ್ ಇರಲಿಲ್ಲ. ಆದರೆ ಕೆಲಸ ನಡೆದಷ್ಟು ದಿನವೂ ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಬಯಾಸಿನ ಒಂದು ನಕಲು ಮೆಮೊರಿಗೆ ಏರುತ್ತಿತ್ತಲ್ಲ, ಸೋನಿ ಅದನ್ನೇ ಹಿಡಿದುಕೊಂಡಿತು. ಕೆಳಗಿನ ಕೋರ್ಟು ತಡೆಯಾಜ್ಞೆಯನ್ನೂ ಕೊಟ್ಟಿತು. 2000ದ ಫೆಬ್ರುವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತೆರವು ಮಾಡಿತು. ಎಷ್ಟು ಸಲ ನಕಲಾಯಿತು ಎಂಬ ಲೆಕ್ಕಕ್ಕೆ ಅದು ಸೊಪ್ಪು ಹಾಕಲಿಲ್ಲ: ಯಂತ್ರ ಕೆಲಸ ಮಾಡುವ ಬಗೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ತಿಳಿಯಲು ನಕಲು ಬೇಕೇ ಬೇಕಿತ್ತು. ಸೋನಿಗೆ ನಷ್ಟವಾದರೆ ಅದು ವ್ಯಾಪಾರದ ಪೈಪೋಟಿ. ಅಚ್ಚುಕಟ್ಟಾದ ತರ್ಕ, ನನಗೆ ಈಗಲೂ ಒಪ್ಪಿಗೆ.

ಮುಂದಿನ ವರ್ಷ ಸೋನಿ ಆ ಎಮ್ಯುಲೇಟರನ್ನೇ ಕೊಂಡು ಮೂಲೆಗೆ ಹಾಕಿತು. ವಿಂಡೋಸಿಗೆ ಇಂಥದ್ದನ್ನೇ ಮಾಡಿದ್ದ ‘ಬ್ಲೀಮ್’ ಕಂಪನಿ, ಜಾಹೀರಾತಿನಲ್ಲಿ ಪ್ಲೇಸ್ಟೇಷನ್ ಆಟಗಳ ಸ್ಕ್ರೀನ್‌ಶಾಟ್ ಬಳಸಿದ ತಕರಾರಿನಲ್ಲಿ ಸೋನಿಯ ವಿರುದ್ಧ ಗೆದ್ದರೂ ವಕೀಲರ ಫೀಸು ತೆತ್ತು ತೆತ್ತು 2001ರಲ್ಲಿ ಬಾಗಿಲು ಹಾಕಿತು. (ಫೀಸಿನ ವಿಷಯದಲ್ಲಿ ನಮ್ಮ ಕುಲದವರ ಪರ ನಾನು ವಾದಿಸುವುದಿಲ್ಲ.)

2024ರ ಫೆಬ್ರುವರಿಯಲ್ಲಿ ನಿಂಟೆಂಡೊ ತನ್ನ ಆಟದ ಯಂತ್ರ ಸ್ವಿಚ್‌ನ ‘ಯುಜು’ ಎಂಬ ಎಮ್ಯುಲೇಟರ್ ಮೇಲೆ ದಾವೆ ಹೂಡಿದಾಗ ವಾದವೇ ಬೇರೆ. ಈಗಿನ ಆಟಗಳಿಗೆ ಬೀಗವಿದೆ, ಬೀಗ ಮುರಿಯುವ ಸಾಧನ ಹಂಚುವುದು ಅಮೆರಿಕದ 1998ರ ಕೃತಿಸ್ವಾಮ್ಯ ಕಾಯ್ದೆ ಡಿಎಂಸಿಎಯಂತೆ ತಪ್ಪು ಎಂಬುದು ಅದರ ಹೇಳಿಕೆ. ಯುಜುವಿನೊಳಗೆ ಕೀಲಿ ಇರಲಿಲ್ಲ, ಆಡುವವರೇ ಒದಗಿಸಿಕೊಳ್ಳಬೇಕಿತ್ತು. ಅಷ್ಟರಿಂದ ಅದು ಪಾರಾಗುತ್ತಿತ್ತೇ? ಕೋರ್ಟು ಅದನ್ನು ತೂಗಿ ನೋಡುವ ಮೊದಲೇ, ಸುಮಾರು ಒಂದು ವಾರದಲ್ಲಿ, 24 ಲಕ್ಷ ಡಾಲರಿಗೆ ರಾಜಿಯಾಯಿತು. ಯುಜು ತನ್ನ ಸೋರ್ಸ್ ಕೋಡನ್ನು ಹಿಂತೆಗೆದುಕೊಂಡಿತು. ಆ ಹೊತ್ತಿಗೆ ಯಾರ್ಯಾರೋ ಅದರ ಪ್ರತಿ ಮಾಡಿಟ್ಟುಕೊಂಡಾಗಿತ್ತು. ಆಮೇಲೆ ನಿಂಟೆಂಡೊ ಕಳಿಸಿದ ಒಂದೇ ನೋಟಿಸಿಗೆ, ಕೋಡ್ ಹಂಚುವ ತಾಣ ಗಿಟ್‌ಹಬ್ ಇಂಥ 8,535 ಕೋಡ್ ಖಜಾನೆಗಳನ್ನು ತೆಗೆದುಹಾಕಿತು.