ಬಸಳೆ ಬುಡದಿಂದ ಮಲತ್ಯಾಜ್ಯ ಘಟಕದವರೆಗೆ

ಉಡುಪಿ ಜಿಲ್ಲೆಯ ಕೋಟೇಶ್ವರದ ಸುತ್ತಿನ ಹಳೆಯ ಮನೆಗಳಲ್ಲಿ ಬಚ್ಚಲ ನೀರಿಗೊಂದು ದಾರಿ ಇತ್ತು. ಗೋಡೆಯ ತೂತಿನಿಂದ ಹೊರಬಿದ್ದ ನೀರು ಸಣ್ಣ ಕಣಿಯಲ್ಲಿ ಹರಿದು, ಬಸಳೆ ಚಪ್ಪರ, ಕೆಸು, ಬಾಳೆ ದಾಟಿ ತೆಂಗಿನ ಬುಡದಲ್ಲಿ ಇಂಗುತ್ತಿತ್ತು. ಸೋಪು, ಡಿಟರ್ಜೆಂಟ್ ಬರುವ ಮೊದಲು ಅದರಲ್ಲಿದ್ದುದು ಸೀಗೆ, ಬೂದಿ, ಎಣ್ಣೆಯ ಜಿಡ್ಡು. ಅದನ್ನು ಅರಗಿಸಿಕೊಳ್ಳಲು ಮಣ್ಣು ಮತ್ತು ಬೇರು ಸಾಕಾಗಿದ್ದವು. 1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಜೊಂಡುಹುಲ್ಲಿನ ಬೇರುಗಳ ನಡುವೆ ಕೊಳೆನೀರು ಹರಿಸಿ ಪ್ರಯೋಗ ಮಾಡಿದರು. ಇಂದಿನ 'ಕೃತಕ ಜೌಗು' ವಿಧಾನ ಬೆಳೆದದ್ದು ಅಲ್ಲಿಂದ.

ಶೌಚದ ನೀರಿನ ಕತೆ ಬೇರೆ. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸಿಟರಿನಲ್ಲಿ ಡೊನಾಲ್ಡ್ ಕ್ಯಾಮರೂನ್ 'ಸೆಪ್ಟಿಕ್ ಟ್ಯಾಂಕ್' ಎಂಬ ಹೆಸರನ್ನು ಬಳಕೆಗೆ ತಂದರು. 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್, ಗಾಳಿ ಊದಿ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ವಿಧಾನವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಈ ವಿದ್ಯೆ ಕನ್ನಡ ನಾಡಿಗೆ ಅಷ್ಟು ಬೇಗ ಬಂದರೂ ಉಳಿದದ್ದು ನಗರಗಳಲ್ಲಿ. ಅದಕ್ಕೆ ಕೊಳವೆಜಾಲ ಬೇಕು, ಸದಾ ವಿದ್ಯುತ್ ಬೇಕು.

ಹಳ್ಳಿಗೆ ದಕ್ಕಿದ್ದು ಗುಂಡಿ. 1970ರ ದಶಕದಲ್ಲಿ ಬಿಂದೇಶ್ವರ ಪಾಠಕರ ಸುಲಭ್ ಸಂಸ್ಥೆ ಅವಳಿ ಗುಂಡಿಯನ್ನು ಜನಪ್ರಿಯಗೊಳಿಸಿತು. ಒಂದು ತುಂಬಿದರೆ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಒಂದೂವರೆ-ಎರಡು ವರ್ಷದಲ್ಲಿ ಮೊದಲನೆಯದು ಗೊಬ್ಬರವಾಗುತ್ತದೆ. ಅದೇ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಸ್ವಚ್ಛ ಭಾರತ ಅಭಿಯಾನಗಳು ಮನೆಮನೆಗೆ ಶೌಚಾಲಯ ತಂದವು. ಗುಂಡಿ ತುಂಬಿದ ಮೇಲೇನು ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಉತ್ತರ ಮೊದಲು ಸಿಕ್ಕಿದ್ದು ದೇವನಹಳ್ಳಿ ಪಟ್ಟಣದಲ್ಲಿ. 2015ರಲ್ಲಿ ಅಲ್ಲಿ ದಿನಕ್ಕೆ 6,000 ಲೀಟರ್ ಮಲತ್ಯಾಜ್ಯ ಸಂಸ್ಕರಿಸುವ ಘಟಕ ಶುರುವಾಯಿತು. ಟ್ಯಾಂಕರ್ ತಂದು ಸುರಿದ ರಾಡಿಯನ್ನು ಕೊಳೆಸಿ, ಹಾಸಿನ ಮೇಲೆ ಒಣಗಿಸಿ, ಹಸಿಕಸದೊಂದಿಗೆ ಗೊಬ್ಬರ ಮಾಡುತ್ತಾರೆ. ಬಸಿದ ನೀರು ಜಲ್ಲಿ ಮತ್ತು ಗಿಡಗಳ ನಡುವೆ ಹರಿದು ಶುದ್ಧವಾಗುತ್ತದೆ. ಬಸಳೆ ಬುಡದ ತತ್ವವೇ ಇದು! ಮುಂದೆ ಇದು ಹಳ್ಳಿಗೂ ಬಂತು: ದಕ್ಷಿಣ ಕನ್ನಡದ ಉಜಿರೆಗೆ, ನಮ್ಮದೇ ಜಿಲ್ಲೆಯ ನಾಲ್ಕೂರಿಗೆ. ಬಚ್ಚಲ ನೀರಿಗೆ ಉದ್ಯೋಗ ಖಾತರಿ ಯೋಜನೆಯಲ್ಲಿ ಬಚ್ಚಲುಗುಂಡಿಗಳಾದವು. 2020ರಲ್ಲಿ ಮಂಜೂರಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಇಂಥ ಬೂದುನೀರಿಗಾಗಿ, 5,000ದೊಳಗಿನ ಜನಸಂಖ್ಯೆಯ ಊರಿನಲ್ಲಿ ತಲೆಗೆ 280 ರೂಪಾಯಿ, ದೊಡ್ಡ ಊರಿನಲ್ಲಿ ತಲೆಗೆ 660 ರೂಪಾಯಿವರೆಗೆ ಅವಕಾಶವಿತ್ತು.

ಆದರೆ ಕರಾವಳಿಯ ಕಷ್ಟವನ್ನು ಬಯಲುಸೀಮೆಯ ನಕ್ಷೆ ಬಗೆಹರಿಸುವುದಿಲ್ಲ. ಆಷಾಢದಲ್ಲಿ ನಮ್ಮ ಬಾವಿಕಟ್ಟೆಗೆ ಒರಗಿ ನೋಡಿ: ಬಗ್ಗಿದರೆ ಕೈಗೆ ಸಿಗುವಷ್ಟು ಮೇಲಿರುತ್ತದೆ ನೀರು. ಅದೇ ಹಿತ್ತಲಿನ ಶೌಚದ ಗುಂಡಿಯೂ ಆಗ ಅಂತರ್ಜಲದಲ್ಲಿ ಮುಳುಗಿರುತ್ತದೆ. ಮರಳು ಮಣ್ಣಿನಲ್ಲಿ ಕೊಳೆ ಸೋಸುವ ಮೊದಲೇ ನೀರು ಸರಿದುಬಿಡುತ್ತದೆ. ಇಂಥಲ್ಲಿ ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಗುಂಡಿಯ ತಳಕ್ಕೆ ಬಿಗಿಯಾದ ಮುಚ್ಚಿಗೆ, ಸುತ್ತ ಅರ್ಧ ಮೀಟರ್ ಸಣ್ಣ ಕಣದ ಮರಳಿನ ಪದರ ಬೇಕೆಂದು ತಾಂತ್ರಿಕ ಮಾರ್ಗಸೂಚಿಯೇ ಹೇಳುತ್ತದೆ. ಐದು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಗುಂಡಿ ಮೂರನ್ನೂ ಕೂರಿಸಿದವರಿಗೆ ಇದು ಸುಲಭವಲ್ಲ. ಜಲ ಜೀವನ್ ಮಿಷನ್ ತಲೆಗೆ 55 ಲೀಟರ್ ಕೊಟ್ಟರೆ, ಐವರ ಮನೆಗೆ ದಿನಕ್ಕೆ 275 ಲೀಟರ್; ಅದರ ಬಹುಪಾಲು ಕೊಳೆಯಾಗಿ ಅದೇ ಹಿತ್ತಲಿಗೆ ಇಳಿಯುತ್ತದೆ.

ಹಾಗಾಗಿ ಹೆದ್ದಾರಿ ಬದಿಗೆ ಬೆಳೆಯುತ್ತಿರುವ ಕೋಟೇಶ್ವರದಂಥ ಊರಿಗೆ ಬೇಕಾದುದು ನಗರದ ದೊಡ್ಡ ಯಂತ್ರವಲ್ಲ. ಒತ್ತಾಗಿ ಮನೆಗಳಿರುವಲ್ಲಿ ಹತ್ತಿಪ್ಪತ್ತು ಮನೆಗೊಂದು ಸಣ್ಣ ಗಿಡಹಾಸು, ಎರಡು-ಮೂರು ವರ್ಷಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿಸುವ ಶಿಸ್ತು, ಆ ರಾಡಿ ತೋಡಿಗೆ ಬೀಳದೆ ಸಂಸ್ಕರಣ ಘಟಕ ತಲುಪುವ ಖಾತರಿ. ಊರ ಜಾತ್ರೆಯಾದ ಕೊಡಿಹಬ್ಬದಲ್ಲಿ ದೇವಸ್ಥಾನದ ಕೆರೆ ಕೋಟಿತೀರ್ಥಕ್ಕೆ ಕೈಮುಗಿಯುವ ನಾವು ನೀರಿನ ಬೆಲೆ ಅರಿಯದವರಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಒಂದು ಹಗ್ಗ ಹಿಡಿದು ನಿಮ್ಮ ಬಾವಿಗೂ ಗುಂಡಿಗೂ ನಡುವಿನ ದೂರ ಅಳೆಯಿರಿ. ಆ ಲೆಕ್ಕವನ್ನು ಗ್ರಾಮಸಭೆಗೆ ಒಯ್ಯಿರಿ.