ಕಂದಕ ತೋಡಿದವರು

ಕನ್ನಡದಲ್ಲಿ ನಾವು ಸಲೀಸಾಗಿ ಬಳಸುವ ‘ಕಂದಕ’ ಎಂಬ ಪದ ದೂರದಿಂದ ಬಂದದ್ದು. ಅಗೆದದ್ದು ಎಂಬ ಅರ್ಥದ ಹಳೆಯ ಪಾರಸಿ ಪದವೊಂದು ಅರಬಿಗೆ ಹೋಗಿ ‘ಖಂದಕ್’ ಆಯಿತು. ಅಲ್ಲಿಂದ ಕೋಟೆ ಕೊತ್ತಲಗಳ ಮಾತಿನೊಂದಿಗೆ ನಮ್ಮ ನುಡಿಗೂ ಬಂತು. ಇಸ್ಲಾಮೀ ಇತಿಹಾಸ ಬಲ್ಲವರಿಗೆ ಈ ಪದ ಕೇಳಿದೊಡನೆ ಕ್ರಿ.ಶ. 627ರ ಮದೀನಾ ನೆನಪಾಗುತ್ತದೆ. ಸಲ್ಮಾನ್ ಫಾರಿಸಿ(ರ) ಅವರ ಸಲಹೆಯಂತೆ ಊರಿನ ರಕ್ಷಣೆಗೆ ಕಂದಕ ತೋಡಿದಾಗ ಪ್ರವಾದಿ(ಸ) ದೂರ ನಿಂತು ಅಪ್ಪಣೆ ಕೊಡಲಿಲ್ಲ. ಅನುಯಾಯಿಗಳ ಜೊತೆ ಹಸಿದ ಹೊಟ್ಟೆಯಲ್ಲಿ ಮಣ್ಣು ಹೊತ್ತರು. ಮೈಯೆಲ್ಲ ಧೂಳು ಮೆತ್ತಿಕೊಂಡಿತ್ತು. ಈ ಘಟನೆಯನ್ನು ನಾವು ಯುದ್ಧದ ಕತೆಯಾಗಿ ಹೇಳುತ್ತೇವೆ. ಅಗೆದವರ ಕತೆಯಾಗಿ ಹೇಳುವುದು ಕಡಿಮೆ.

ನಗರಗಳನ್ನು ಇಂದಿಗೂ ಕಂದಕಗಳೇ ಕಾಯುತ್ತಿವೆ. ಶತ್ರು ಮಾತ್ರ ಬೇರೆ. ಕಾಲರಾ, ವಿಷಮಶೀತ ಜ್ವರ, ಅತಿಸಾರಗಳನ್ನು ಊರಿನಿಂದ ಆಚೆ ಇಟ್ಟಿರುವುದು ರಸ್ತೆಯಡಿ ಹುಗಿದ ಒಳಚರಂಡಿಯ ಕೊಳವೆಗಳು. ಆ ಕೊಳವೆಗಳನ್ನು ಇಡಲು ಅಗೆದ ಕಂದಕಗಳಿಗೆ ಇಳಿದವರಾರು, ಅವರ ಮೇಲೆ ಮಣ್ಣು ಬೀಳದಂತೆ ತಡೆದದ್ದು ಯಾವುದು ಎಂಬುದನ್ನು ಇತಿಹಾಸದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಮಣ್ಣಿನ ಬಳೆಗಳು

ನೆಲದಡಿ ನೀರು ಹರಿಸುವ ವಿದ್ಯೆಯಲ್ಲಿ ಇರಾನಿನವರು ಹಳಬರು. ಬೆಟ್ಟದ ಬುಡದಿಂದ ಊರಿನವರೆಗೆ ಸುರಂಗ ಕೊರೆದು, ನಡುನಡುವೆ ಬಾವಿಯಂತಹ ಕಿಂಡಿಗಳನ್ನು ಇಟ್ಟು, ಬರಿಯ ಇಳಿಜಾರಿನ ಬಲದಿಂದ ಅವರು ನೀರು ತಂದರು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಗಣಿತಜ್ಞ ಅಲ್ ಕರಜಿ ಈ ವಿದ್ಯೆಯ ಮೇಲೆ ಒಂದು ಗ್ರಂಥವನ್ನೇ ಬರೆದರು. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ಅದು ನಮ್ಮ ಬೀದರಿಗೂ ಬಂತು. ನೌಬಾದಿನ ಕರೇಜ್ ಇಂದಿಗೂ ಅದಕ್ಕೆ ಸಾಕ್ಷಿ.

ಬೀದರಿನ ಜಂಬಿಟ್ಟಿಗೆ ನೆಲ ಗಟ್ಟಿ. ಕೊರೆದರೆ ತಾನಾಗಿಯೇ ನಿಲ್ಲುತ್ತದೆ. ಇರಾನಿನ ಎಲ್ಲ ನೆಲವೂ ಹಾಗಿರಲಿಲ್ಲ. ಮಣ್ಣು ಸಡಿಲವಿದ್ದ ಕಡೆ ಕೆಲಸಗಾರರು ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಒಂದರ ಪಕ್ಕ ಒಂದು ಕೂಡಿಸುತ್ತ ಮುಂದೆ ಹೋಗುತ್ತಿದ್ದರು. ಬಳೆ ಕೂಡಿಸದೆ ಮುಂದಿನ ಮೊಳ ಅಗೆದರೆ ಜೀವ ಉಳಿಯುವ ಭರವಸೆ ಇರಲಿಲ್ಲ. ಆ ಸುರಂಗವನ್ನು ಅವರು ‘ಕೊಲೆಗಾರ’ ಎಂದು ಕರೆಯುತ್ತಿದ್ದರಂತೆ. ಪ್ರಾರ್ಥನೆ ಸಲ್ಲಿಸಿದ ಮೇಲೆಯೇ ಒಳಗಿಳಿಯುತ್ತಿದ್ದರಂತೆ. ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಬಳೆಯನ್ನೂ ಬಿಡಲಿಲ್ಲ. ದೇವರ ಮೇಲೆ ಭಾರ ಹಾಕುವುದೆಂದರೆ ಎಚ್ಚರ ತಪ್ಪುವುದಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲಂಡನ್ನಿನ ದುರ್ನಾತ

ಆಧುನಿಕ ಒಳಚರಂಡಿಯ ದೊಡ್ಡ ಪಾಠ ನಡೆದದ್ದು ಲಂಡನ್ನಿನಲ್ಲಿ. 1817ರಲ್ಲಿ ಬಂಗಾಳದಿಂದ ಹರಡತೊಡಗಿದ್ದ ಕಾಲರಾ 1830ರ ದಶಕದ ಆದಿಯಲ್ಲಿ ಆ ನಗರವನ್ನು ಮುಟ್ಟಿತು. 1848-49ರ ಪಿಡುಗಿನಲ್ಲಿ ಅಲ್ಲಿ ಸುಮಾರು 14,000 ಜನ ಸತ್ತರು. 1854ರಲ್ಲಿ ಡಾ. ಜಾನ್ ಸ್ನೋ ರೋಗ ನೀರಿನಿಂದ ಬರುತ್ತದೆಂದು ತೋರಿಸಿದರೂ ಬಹುಪಾಲು ಪಂಡಿತರು ಅದು ಕೆಟ್ಟ ಗಾಳಿಯಿಂದ ಬರುತ್ತದೆಂದೇ ನಂಬಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ, ದಂಡೆಯಲ್ಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗಹಾಕಬೇಕಾಯಿತು. ಬಡವರ ಕೇರಿಗಳಲ್ಲಿ ಸಾವಿರಾರು ಹೆಣ ಬಿದ್ದಾಗ ತೆರೆಯದ ಬೊಕ್ಕಸ, ವಾಸನೆ ಸದಸ್ಯರ ಮೂಗಿಗೆ ಬಡಿದಾಗ ತೆರೆಯಿತು. ಆ ಆಗಸ್ಟಿನಲ್ಲೇ ಕಾನೂನು ಬಂತು.

ಮುಖ್ಯ ಎಂಜಿನಿಯರ್ ಜೋಸೆಫ್ ಬಜಲ್‌ಗೆಟ್ 1859ರಲ್ಲಿ ಕೆಲಸ ಆರಂಭಿಸಿದರು. 1875ರ ಹೊತ್ತಿಗೆ 82 ಮೈಲಿ ಉದ್ದದ ಮುಖ್ಯ ಚರಂಡಿಗಳು ಸಿದ್ಧವಾದವು. 31 ಕೋಟಿ 80 ಲಕ್ಷ ಇಟ್ಟಿಗೆ ಬಳಕೆಯಾಯಿತು ಎಂಬ ಲೆಕ್ಕವಿದೆ. ತೆಗೆದ ಮಣ್ಣು 35 ಲಕ್ಷ ಘನ ಗಜ. ಇದಿಷ್ಟೂ ಬಹುಪಾಲು ಸಲಿಕೆ, ಗುದ್ದಲಿ, ಬುಟ್ಟಿಗಳಿಂದ ಆದದ್ದು.

ಚರಂಡಿಯ ಕಂದಕ ಬೇರೆ ಕಂದಕಗಳಿಗಿಂತ ಆಳವಾಗುವುದಕ್ಕೆ ಕಾರಣವಿದೆ. ಕುಡಿಯುವ ನೀರನ್ನು ಒತ್ತಡ ಕೊಟ್ಟು ಏರಿಗೂ ಹತ್ತಿಸಬಹುದು. ಕೊಳಕು ನೀರು ತನ್ನಷ್ಟಕ್ಕೆ ಇಳಿದು ಹೋಗಬೇಕು. ಬಜಲ್‌ಗೆಟ್ ಮೈಲಿಗೆ ಕನಿಷ್ಠ 2 ಅಡಿ ಇಳಿಜಾರು ಇಟ್ಟರು. ಕೊಳವೆ ಸಣ್ಣದಾದಷ್ಟೂ ಇಳಿಜಾರು ಹೆಚ್ಚು ಬೇಕು. ಹೀಗಾಗಿ ಬೀದಿಯ ಆರಂಭದಲ್ಲಿ ಸೊಂಟದಷ್ಟಿದ್ದ ಗುಂಡಿ, ಬೀದಿ ಮುಗಿಯುವಾಗ ಎರಡು ಆಳು ಮುಳುಗುವಷ್ಟಾಗುತ್ತದೆ.

ಆಳ ಹೆಚ್ಚಿದಂತೆ ಮಣ್ಣಿನ ಗೋಡೆ ಒಳಕ್ಕೆ ವಾಲತೊಡಗುತ್ತದೆ. ಅದನ್ನು ತಡೆಯುವ ವಿಧಾನ ಸರಳ. ಗೋಡೆಗಳಿಗೆ ಒತ್ತಾಗಿ ಹಲಗೆಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಕಂದಕದ ಉದ್ದಕ್ಕೂ ತೊಲೆಗಳನ್ನು ಹಾಯಿಸಿ, ಈ ಬದಿಯ ತೊಲೆಯಿಂದ ಆ ಬದಿಯ ತೊಲೆಗೆ ಅಡ್ಡಗಳುಗಳನ್ನು ಬಿಗಿಯುತ್ತಾರೆ. ಎರಡೂ ಗೋಡೆಗಳು ಒಂದನ್ನೊಂದು ತಳ್ಳಿ ನಿಲ್ಲುತ್ತವೆ. ಕೊಳವೆ ಇಟ್ಟ ಮೇಲೆ ಕೆಳಗಿನಿಂದ ಮಣ್ಣು ತುಂಬಿಸುತ್ತ, ಅದಕ್ಕೆ ತಕ್ಕಂತೆ ಕೆಳಗಿನ ಅಡ್ಡಗಳುವಿನಿಂದ ಒಂದೊಂದಾಗಿ ಬಿಚ್ಚುತ್ತ ಮೇಲೆ ಬರಬೇಕು. ಈಗ ಮರದ ಬದಲು ಉಕ್ಕಿನ ತಗಡು, ಜಾಕ್, ಪೆಟ್ಟಿಗೆಗಳು ಬಂದಿವೆ. ತತ್ವ ಮಾತ್ರ ಅದೇ.

ಈ ಶ್ರಮದ ಫಲ 1866ರಲ್ಲೇ ಕಂಡಿತು. ಆ ವರ್ಷ ಕಾಲರಾ ಮರಳಿದಾಗ ಸುಮಾರು 5,500 ಜನರನ್ನು ಕೊಂದದ್ದು ಹೊಸ ಚರಂಡಿ ಇನ್ನೂ ಮುಟ್ಟದಿದ್ದ ಪೂರ್ವ ಲಂಡನ್ನಿನಲ್ಲಿ. ಬಜಲ್‌ಗೆಟ್ಟರಿಗೆ ಥೇಮ್ಸ್ ದಂಡೆಯಲ್ಲಿ 1901ರಲ್ಲಿ ಸ್ಮಾರಕ ನಿಂತಿತು. ಅವರು ಅದಕ್ಕೆ ಅರ್ಹರೇ. ಆದರೆ ಅಡ್ಡಗಳು ಬಿಗಿದವರ ಹೆಸರು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ.

ನಮ್ಮ ಬೀದಿಗಳಲ್ಲಿ

ನಮ್ಮಲ್ಲಿ ಈ ಕತೆಗೆ ಇನ್ನೊಂದು ಮಗ್ಗುಲಿದೆ. ಒಳಚರಂಡಿ ಬರುವ ಮುಂಚೆ ಮಲವನ್ನು ಮನುಷ್ಯರೇ ಹೊರುತ್ತಿದ್ದರು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳಲ್ಲೂ ಮನೆಗಳ ಹಿಂದೆ ಅವರು ಓಡಾಡಲೆಂದೇ ಓಣಿಗಳಿದ್ದವು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆ ನಿಷೇಧ ನಿಜವಾಗಬೇಕಾದರೆ ನೆಲದಡಿ ಕೊಳವೆಯೂ ಬೇಕಿತ್ತು. ಆದ್ದರಿಂದ ಒಳಚರಂಡಿಯನ್ನು ನಾವು ಬರಿಯ ಅನುಕೂಲವೆಂದು ನೋಡಬಾರದು. ಅದು ಒಂದು ವರ್ಗದ ತಲೆಯ ಮೇಲಿನ ಹೊರೆ ಇಳಿಸಿದ ನ್ಯಾಯವೂ ಹೌದು.

ಆದರೆ ತಲೆಯಿಂದ ಇಳಿದ ಹೊರೆ ಬೇರೊಂದು ರೂಪದಲ್ಲಿ ಮತ್ತೆ ಬಡವನ ಮೇಲೆಯೇ ಕುಸಿಯುತ್ತಿದೆ. ಮಣ್ಣಿನ ಕೆಲಸದಲ್ಲಿ ತಲೆಮಾರುಗಳಿಂದ ಪಳಗಿದ ಭೋವಿ ಸಮುದಾಯದವರು, ಪಾಲಮೂರಿನ ಕೂಲಿಗಳು, ರಾಯಚೂರು, ಕಲಬುರಗಿಗಳಿಂದ ಗುಳೆ ಬಂದವರು ನಮ್ಮ ನಗರಗಳ ಕಂದಕಗಳನ್ನು ಅಗೆದಿದ್ದಾರೆ. ಈಗ ಜೆಸಿಬಿ ಅರ್ಧ ಗಂಟೆಯಲ್ಲಿ ಎರಡಾಳು ಗುಂಡಿ ತೆಗೆಯುತ್ತದೆ. ಕೊಳವೆ ಕೂಡಿಸಲು ಮಾತ್ರ ಮನುಷ್ಯನೇ ಇಳಿಯಬೇಕು. ತೆಗೆದ ಮಣ್ಣು ಅಂಚಿನಲ್ಲೇ ಗುಡ್ಡೆ ಬಿದ್ದಿರುತ್ತದೆ. ಪಕ್ಕದಲ್ಲಿ ಲಾರಿ ಓಡುತ್ತದೆ. ಹಳೆಯ ಕೊಳವೆಗೆಂದು ಹಿಂದೊಮ್ಮೆ ಅಗೆದು ಮುಚ್ಚಿದ ಸಡಿಲ ಮಣ್ಣು ಗೋಡೆಯಲ್ಲೇ ಅಡಗಿರುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತೆ ನಿಂತ ಎರೆಮಣ್ಣು ಒಂದು ಮಳೆಗೆ ಜಾರುತ್ತದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಕಡಿಮೆ ತೂಗುವುದು ಅಪರೂಪ. ಎದೆಯವರೆಗೆ ಹೂತವನ ಮುಖ ಹೊರಗಿದ್ದರೂ ಉಸಿರು ಎಳೆದುಕೊಳ್ಳಲು ಎದೆ ಹಿಗ್ಗುವುದಿಲ್ಲ.

ನಿಯಮ ಇಲ್ಲವೆಂದಲ್ಲ. ಅಗೆತದ ಸುರಕ್ಷತೆಗೆ ಭಾರತೀಯ ಮಾನಕ 1966ರಲ್ಲೇ ಬಂದಿದೆ. 1992ರಲ್ಲಿ ಪರಿಷ್ಕರಣೆಯೂ ಆಗಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಷರತ್ತುಗಳು ಸ್ಪಷ್ಟವಾಗಿವೆ. ಒಂದೂವರೆ ಮೀಟರಿಗಿಂತ ಆಳವಾದರೆ ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕು ಇಲ್ಲವೇ ಆಸರೆ ಕೊಡಬೇಕು. ತೆಗೆದ ಮಣ್ಣು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧದಷ್ಟು, ಯಾವುದು ಹೆಚ್ಚೋ ಅಷ್ಟು ದೂರವಿರಬೇಕು. ಪ್ರತಿ 30 ಮೀಟರಿಗೆ ಒಂದು ಏಣಿ ಇರಬೇಕು. ಹಲಗೆ, ಏಣಿ, ಒಂದಿಷ್ಟು ಸಮಯ, ಇಷ್ಟೇ ಖರ್ಚು. ಗುತ್ತಿಗೆಯಿಂದ ಒಳಗುತ್ತಿಗೆಗೆ ಇಳಿಯುವಾಗ ಮೊದಲು ಉದುರಿ ಹೋಗುವುದೂ ಇವೇ.

ಮ್ಯಾನ್‌ಹೋಲಿನಲ್ಲಿ ಸತ್ತವರ ಪರವಾಗಿ ನ್ಯಾಯಾಲಯ ಮಾತಾಡಿದೆ. 2014ರಲ್ಲಿ ಸುಪ್ರೀಂ ಕೋರ್ಟು ಅಂತಹ ಕುಟುಂಬಗಳಿಗೆ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕಂದಕ ಕುಸಿದು ಸತ್ತವನು ಆ ಲೆಕ್ಕಕ್ಕೆ ಬರುವುದಿಲ್ಲ. ಅವನದು ಕಟ್ಟಡ ಕೆಲಸದ ಅಪಘಾತ, ಪತ್ರಿಕೆಯ ಒಳಪುಟದ ನಾಲ್ಕು ಸಾಲು.

2015ರ ನವೆಂಬರಿನಲ್ಲಿ ಕೋಝಿಕ್ಕೋಡಿನ ಮ್ಯಾನ್‌ಹೋಲಿನಲ್ಲಿ ಆಂಧ್ರದ ಇಬ್ಬರು ಕೂಲಿಗಳು ಉಸಿರುಗಟ್ಟಿ ಬಿದ್ದಾಗ, ಅಲ್ಲಿದ್ದ ಒಬ್ಬ ಮುಸ್ಲಿಂ ಆಟೋ ಚಾಲಕ ಅವರನ್ನು ಉಳಿಸಲು ಒಳಗಿಳಿದ. ಮೂವರೂ ಬದುಕಲಿಲ್ಲ. ಊರು, ಭಾಷೆ, ಧರ್ಮ ಕೇಳದೆ ಇಳಿದ ಆ ಯುವಕನನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಆದರೆ ಹುತಾತ್ಮರನ್ನು ನೆನೆಯುವುದು ಸುಲಭ. ಹುತಾತ್ಮರಾಗುವ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದು ಕಷ್ಟ.

ಸ್ವಚ್ಛತೆ ವಿಶ್ವಾಸದ ಭಾಗವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನಮ್ಮ ಸ್ವಚ್ಛತೆಯ ಬೆಲೆಯನ್ನು ಬೇರೆಯವನ ಉಸಿರಿನಿಂದ ತೆರುವುದಾದರೆ ಆ ಪಾಠ ಅರ್ಧವಾಗುತ್ತದೆ. ನಮ್ಮ ಬೀದಿಯಲ್ಲಿ, ನಮ್ಮ ಮಸೀದಿ, ಶಾಲೆಗಳ ಮುಂದೆ ಗುಂಡಿ ಅಗೆಯುವಾಗ ರಸ್ತೆ ಕೆಟ್ಟಿತೆಂದು ದೂರುವ ಮೊದಲು ಒಮ್ಮೆ ಇಣುಕಿ ನೋಡೋಣ. ಹಲಗೆ ಕಾಣುತ್ತದೆಯೇ, ಏಣಿ ಇದೆಯೇ, ಮಣ್ಣು ದೂರವಿದೆಯೇ? ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಎಂದು ಕೇಳುವ ಹಕ್ಕು ನಮಗಿದೆ. ಒಳಗೆ ಇರುವವನಿಗೆ ಆ ಮಾತು ಆಡುವ ಧೈರ್ಯ ಇರುವುದಿಲ್ಲ. ಸಂಜೆಯ ಕೂಲಿ ಅವನ ಬಾಯಿ ಕಟ್ಟಿರುತ್ತದೆ.