ಮುಂದಿನ ಡಿಎಲ್‌ಸಿಯಲ್ಲಿ ನಾವಿರುತ್ತೇವಾ?



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಧರ್ಮೋಪದೇಶ ತರಗತಿಯ ಹುಡುಗರು ಇಗರ್ಜಿಯ ವರಾಂಡದಲ್ಲಿ ನಿಂತು ಜೋರಾಗಿ ಚರ್ಚೆ ಮಾಡುತ್ತಿದ್ದರು. ಹಬ್ಬದ ವಿಷಯ ಇರಬಹುದು ಅಂದುಕೊಂಡು ಹತ್ತಿರ ಹೋದೆ. ಚರ್ಚೆ ‘ಏಜ್ ಆಫ್ ಎಂಪೈರ್ಸ್ 2’ ಆಟದ ಬಗ್ಗೆ. ಮುಂದಿನ ಡಿಎಲ್‌ಸಿಯಲ್ಲಿ, ಅಂದರೆ ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವ ಹೊಸ ಭಾಗದಲ್ಲಿ, ಯಾರು ಬರುತ್ತಾರೆ ಎಂಬುದು ಪ್ರಶ್ನೆ. ಒಬ್ಬ ಟಿಬೆಟ್ ಎಂದ, ಇನ್ನೊಬ್ಬ ವಿಜಯನಗರ ಎಂದ. ಹತ್ತನೇ ತರಗತಿಯವನೊಬ್ಬ ನನ್ನ ಕಡೆ ತಿರುಗಿ ಕೇಳಿದ: “ಅಣ್ಣಾ, ನಮ್ಮದು ಯಾವಾಗ ಬರ್ತದೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಈ ಆಟಕ್ಕೆ ಇದುವರೆಗೆ ಯಾರು, ಯಾವಾಗ, ಯಾಕೆ ಸೇರಿಕೊಂಡರು ಎಂಬುದಕ್ಕೂ ಒಂದು ಚರಿತ್ರೆ ಇದೆ. ಅದನ್ನು ನೋಡಿದರೆ ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಗುತ್ತದೆ ಅನಿಸಿತು. ಆಟ ಆಡದವರೂ ದಯವಿಟ್ಟು ಕೊನೆಯವರೆಗೆ ಓದಿ. ಕೊನೆಗೆ ಬರುವ ವಿಷಯ ನಮ್ಮೆಲ್ಲರದು.

ಹದಿಮೂರು ವರ್ಷಗಳ ಮೌನ

‘ಏಜ್ ಆಫ್ ಎಂಪೈರ್ಸ್ 2’ 1999ರಲ್ಲಿ ಬಂತು. ತಯಾರಿಸಿದ್ದು ಅಮೆರಿಕದ ಡಲ್ಲಾಸ್‌ನಲ್ಲಿದ್ದ ಎನ್ಸೆಂಬಲ್ ಸ್ಟುಡಿಯೋಸ್, ಮಾರಿದ್ದು ಮೈಕ್ರೋಸಾಫ್ಟ್. ರೋಮ್ ಸಾಮ್ರಾಜ್ಯ ಬಿದ್ದ ಕಾಲದಿಂದ ಸುಮಾರು 1600ರವರೆಗಿನ ಲೋಕವೇ ಆಟದ ಅಂಗಳ. ಆಟಗಾರ ಒಂದು ಜನಸಮುದಾಯವನ್ನು ಆರಿಸಿಕೊಂಡು ಊರು ಕಟ್ಟಬೇಕು, ಬೆಳೆ ಬೆಳೆಯಬೇಕು, ಸೈನ್ಯ ಕಟ್ಟಬೇಕು. ಈ ಸಮುದಾಯಗಳನ್ನು ಆಟಗಾರರು ‘ಸಿವ್’ ಎನ್ನುತ್ತಾರೆ. ಮೊದಲಿಗೆ 13 ಸಿವ್‌ಗಳಿದ್ದವು. ಬ್ರಿಟನ್ನರು, ಫ್ರಾಂಕರು, ಚೀನಿಯರು, ಜಪಾನಿಯರು, ಪರ್ಷಿಯನ್ನರು, ಮಂಗೋಲರು ಎಲ್ಲ ಇದ್ದರು. ಭಾರತದವರು ಇರಲಿಲ್ಲ.

ಮರುವರ್ಷ, 2000ದಲ್ಲಿ, ‘ದ ಕಾಂಕರರ್ಸ್’ ಎಂಬ ವಿಸ್ತರಣೆ ಬಂತು. ಆಗ ಡೌನ್‌ಲೋಡ್ ಇಲ್ಲ, ಅಂಗಡಿಯಿಂದ ಸಿಡಿ ತರಬೇಕು. ಅಜ್ಟೆಕರು, ಮಾಯಾ ಜನ, ಹೂಣರು, ಸ್ಪೇನಿನವರು ಮತ್ತು ಕೊರಿಯನ್ನರು ಸೇರಿ ಸಂಖ್ಯೆ 18 ಆಯಿತು. ಕೊರಿಯನ್ನರು ಬಂದದ್ದು ಕೊನೆಯ ಗಳಿಗೆಯಲ್ಲಿ. ಕೊರಿಯಾದಲ್ಲಿ ಕಂಪ್ಯೂಟರ್ ಆಟಗಳಿಗೆ ದೊಡ್ಡ ಮಾರುಕಟ್ಟೆ ಇದ್ದುದೇ ಅದಕ್ಕೆ ಕಾರಣವೆಂದು ತಂಡದಲ್ಲಿದ್ದ ಸ್ಯಾಂಡಿ ಪೀಟರ್ಸನ್ ಆಮೇಲೆ ಹೇಳಿದ್ದಾರೆ. ಅಲ್ಲಿಗೆ ಒಂದು ವಿಷಯ ಗೊತ್ತಾಗುತ್ತದೆ. ಯಾರ ಚರಿತ್ರೆ ದೊಡ್ಡದು ಎಂಬುದರ ಜೊತೆಗೆ ಯಾರು ಕೊಳ್ಳುತ್ತಾರೆ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಏನೂ ಬರಲಿಲ್ಲ. 2009ರಲ್ಲಿ ಎನ್ಸೆಂಬಲ್ ಸ್ಟುಡಿಯೋಸ್ ಬಾಗಿಲು ಮುಚ್ಚಿತು. ಮುಂದಿನ ವಿಸ್ತರಣೆ ಯಾವುದು ಎಂದು ಊಹಿಸುತ್ತಿದ್ದವರಿಗೆ ಇನ್ನು ಊಹಿಸುವುದಕ್ಕೂ ಏನೂ ಉಳಿಯಲಿಲ್ಲ. ಆಟ ಮಾಡಿದವರೇ ಇಲ್ಲವೆಂದ ಮೇಲೆ ಹೊಸದು ಎಲ್ಲಿಂದ ಬರಬೇಕು?

ಕಾಯುವುದನ್ನು ಬಿಟ್ಟವರು

ಬಂದದ್ದು ಆಟಗಾರರಿಂದಲೇ. ಬೆಲ್ಜಿಯಂನ ಬರ್ಟ್ ಬೀಕ್‌ಮನ್ ಮತ್ತು ಬೇರೆ ಬೇರೆ ದೇಶಗಳ ಕೆಲವು ಅಭಿಮಾನಿಗಳು ಸೇರಿ ತಾವೇ ಒಂದು ವಿಸ್ತರಣೆ ಮಾಡಲು ಹೊರಟರು. ಅವರ ಕೈಯಲ್ಲಿ ಆಟದ ಮೂಲ ಕೋಡ್ ಇರಲಿಲ್ಲ, ಸಂಬಳವೂ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಹಳೆಯ ಆಟದ ಫೈಲುಗಳನ್ನು ಬಿಚ್ಚಿ, ತಿದ್ದಿ, ಹೊಸ ಚಿತ್ರಗಳನ್ನು ಸೇರಿಸಿದರು. ಹೀಗೆ 2012ರ ಕೊನೆಯ ಹೊತ್ತಿಗೆ ‘ಫರ್ಗಾಟನ್ ಎಂಪೈರ್ಸ್’ ಸಿದ್ಧವಾಯಿತು. ಮರೆತುಹೋದ ಸಾಮ್ರಾಜ್ಯಗಳು ಎಂದರ್ಥ. ಅದರಲ್ಲಿ ಐದು ಹೊಸ ಸಿವ್‌ಗಳು: ಇಟಲಿಯವರು, ಇಂಕಾ, ಮ್ಯಾಗ್ಯಾರರು, ಸ್ಲಾವರು ಮತ್ತು ಭಾರತೀಯರು.

2013ರ ಏಪ್ರಿಲ್‌ನಲ್ಲಿ ಹಳೆಯ ಆಟದ ಎಚ್‌ಡಿ ಆವೃತ್ತಿ ಸ್ಟೀಮ್‌ನಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಈ ಅಭಿಮಾನಿಗಳ ಕೆಲಸವೇ ‘ದ ಫರ್ಗಾಟನ್’ ಎಂಬ ಹೆಸರಿನಲ್ಲಿ ಮೈಕ್ರೋಸಾಫ್ಟ್‌ನ ಅಧಿಕೃತ ವಿಸ್ತರಣೆಯಾಯಿತು. 13 ವರ್ಷಗಳ ನಂತರ ಬಂದ ಮೊದಲ ವಿಸ್ತರಣೆ ಅದು. ಮುಂದೆ ಈ ಆಟಕ್ಕೆ ಬಂದ ವಿಸ್ತರಣೆಗಳಲ್ಲೂ ಆ ತಂಡದ ಕೈ ಇದೆ. ನಮ್ಮ ದೇಶ ಈ ಆಟದೊಳಗೆ ಬಂದದ್ದು ಹೀಗೆ.

ಬಂದೆವು ನಿಜ, ಹೇಗೆ ಬಂದೆವು?

ರಾಜಸ್ಥಾನದಿಂದ ಕನ್ಯಾಕುಮಾರಿಯವರೆಗೆ ಎಲ್ಲರಿಗೂ ಸೇರಿ ಒಂದೇ ಸಿವ್. ಮಾತು ಹಿಂದಿ, ಮುಖ್ಯ ಸೈನ್ಯ ಒಂಟೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಬಿಡಿಸಿಯೇ ನಡೆಯುವ ಕಾಸರಗೋಡಿನವರಾದ ನಮಗೆ ಒಂಟೆ! ಆದರೂ ಆಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಏನೂ ಇಲ್ಲದ ಕಡೆ ಏನೋ ಸಿಕ್ಕಿತ್ತು.

2015ರಲ್ಲಿ ‘ದ ಆಫ್ರಿಕನ್ ಕಿಂಗ್ಡಮ್ಸ್’ ಬಂತು. ಅದರಲ್ಲಿ ಪೋರ್ಚುಗೀಸರೂ ಇದ್ದರು, ಫ್ರಾನ್ಸಿಸ್ಕೊ ದ ಅಲ್ಮೇಡಾನ ಕಥೆಯೂ ಇತ್ತು. ಐದು ಅಧ್ಯಾಯಗಳಲ್ಲಿ ಒಂದರ ಹೆಸರೇ ‘ಎಸ್ಟಾಡೊ ದ ಇಂಡಿಯಾ’. ಅಲ್ಮೇಡಾ 1505ರಲ್ಲಿ ಪೋರ್ಚುಗೀಸ್ ಭಾರತದ ಮೊದಲ ವೈಸ್‌ರಾಯ್ ಆಗಿ ಬಂದವನು. ಕಾರವಾರದ ಬಳಿಯ ಅಂಜುದೀವಿನಲ್ಲಿ ಕೋಟೆ ಕಟ್ಟಿಸಿದ, ಕಣ್ಣೂರಿನ ಸಂತ ಆಂಜೆಲೊ ಕೋಟೆಯನ್ನೂ ಕಟ್ಟಿಸಿದ. ನಾವು ರೈಲು ಹತ್ತಿ ಎರಡು ಗಂಟೆಯೊಳಗೆ ಹೋಗಿ ನೋಡಿ ಬರುವ ಕೋಟೆ ಅದು. ಅಂದರೆ ನಮ್ಮ ಕರಾವಳಿ ಈ ಆಟದಲ್ಲಿ ಕಾಣಿಸಿಕೊಂಡದ್ದು ಹಡಗಿನಲ್ಲಿ ಬಂದವರ ಕಣ್ಣಿನಿಂದ. ನಮ್ಮಲ್ಲಿ ಹಲವರ ಮನೆತನದ ಕಥೆ ಗೋವಾದಿಂದ ಶುರುವಾಗುತ್ತದೆ, ನಮ್ಮ ಹೆಸರುಗಳಲ್ಲೂ ಆ ಹಡಗುಗಳ ಗುರುತು ಉಳಿದಿದೆ. ಆದರೆ ನಮ್ಮ ಹಿರಿಯರು ದಡದ ಮೇಲಿದ್ದವರು. ಆ ದಡದ ಕಥೆಯನ್ನು ಆಟ ಹೇಳಲಿಲ್ಲ.

2016ರ ಡಿಸೆಂಬರ್‌ನಲ್ಲಿ ‘ರೈಸ್ ಆಫ್ ದ ರಾಜಾಸ್’ ಬಂತು. ಹೆಸರು ಕೇಳಿದರೆ ನಮ್ಮ ಅರಸರು ಬಂದರು ಅನಿಸುತ್ತದೆ. ಒಳಗೆ ಇದ್ದವರು ಬರ್ಮಾ, ಖ್ಮೇರ್, ಮಲಯ ಮತ್ತು ವಿಯೆಟ್ನಾಂನವರು. ಹೆಸರು ನೋಡಿ ಊಹೆ ಮಾಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

2019ರಲ್ಲಿ ಆಟ ‘ಡೆಫಿನಿಟಿವ್ ಎಡಿಶನ್’ ಎಂಬ ಹೊಸ ರೂಪದಲ್ಲಿ 35 ಸಿವ್‌ಗಳೊಂದಿಗೆ ಬಂತು. 2021ರಲ್ಲಿ ಯುರೋಪಿಗೇ ಎರಡು ಡಿಎಲ್‌ಸಿ ಸಿಕ್ಕವು. ಕೊನೆಗೆ 2022ರ ಏಪ್ರಿಲ್ 28ರಂದು ‘ಡೈನಾಸ್ಟೀಸ್ ಆಫ್ ಇಂಡಿಯಾ’ ಬಂತು. ‘ಭಾರತೀಯರು’ ಎಂಬ ಹಳೆಯ ಸಿವ್ ಹಿಂದೂಸ್ತಾನಿಗಳಾಯಿತು. ಹೊಸದಾಗಿ ಬಂಗಾಳಿಗಳು, ಗುರ್ಜರರು ಮತ್ತು ದ್ರಾವಿಡರು ಸೇರಿದರು. ಒಂದು ಸಿವ್ ನಾಲ್ಕಾಗಲು ಎಂಟೂವರೆ ವರ್ಷ ಹಿಡಿಯಿತು.

ದ್ರಾವಿಡರಿಗೆ ಬಲವಾದ ನೌಕಾಪಡೆ ಇದೆ, ಮೀನುಗಾರರು ಹೆಚ್ಚು ಮೀನು ಹೊರುತ್ತಾರೆ, ಕಳರಿಯ ಉರುಮಿ ಹಿಡಿದ ಯೋಧರಿದ್ದಾರೆ. ನೋಡಿ ಖುಷಿಯಾಯಿತು. ಆದರೆ ಸೈನಿಕರು ಮಾತಾಡುವುದು ತಮಿಳು. ಕಥೆಯ ನಾಯಕ ರಾಜೇಂದ್ರ ಚೋಳ. ಅವನು ದೊಡ್ಡ ಅರಸನೇ, 1025ರ ಹೊತ್ತಿಗೆ ಶ್ರೀವಿಜಯದವರೆಗೆ ನೌಕಾಪಡೆ ಕಳಿಸಿದವನು. ಅದೇ ರಾಜೇಂದ್ರ ಕಲ್ಯಾಣದ ಚಾಲುಕ್ಯರ ಜಯಸಿಂಹನೊಡನೆ ಹೋರಾಡಿದವನು. 1021ರಲ್ಲಿ ಅವರ ಕಾಳಗ ನಡೆದದ್ದು ರಾಯಚೂರು ಸೀಮೆಯ ಮಸ್ಕಿಯಲ್ಲಿ. ಇಬ್ಬರೂ ಈಗ ಆಟದಲ್ಲಿ ಒಂದೇ ಸಿವ್‌ನ ಕೊಡೆಯಡಿ! ತಮಿಳರು, ಕನ್ನಡಿಗರು, ತೆಲುಗರು, ಮಲಯಾಳಿಗಳು, ತುಳುವರು ಎಲ್ಲ ಒಂದೇ. ನಮ್ಮ ಹುಡುಗನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಊಹೆಗೂ ಒಂದು ಲೆಕ್ಕ ಬೇಕು

ಬಿಎಸ್ಸಿ ಓದುವಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಊಹೆ ಮಾಡಿ, ಆದರೆ ಯಾವುದರ ಮೇಲೆ ನಿಂತು ಊಹಿಸಿದಿರಿ ಅಂತ ಪಕ್ಕದಲ್ಲೇ ಬರೆಯಿರಿ. ಅದೇ ರೀತಿ ನೋಡೋಣ.

ಒಂದು ಸಿವ್‌ಗೆ ಬೇಕಾದದ್ದು ಏನು? ಆಟದ ಕಾಲದೊಳಗೆ ಒಂದು ರಾಜ್ಯ, ತನ್ನದೇ ಭಾಷೆ, ತನ್ನದೇ ಕಟ್ಟಡದ ಶೈಲಿ, ಯುದ್ಧದಲ್ಲಿ ಒಂದು ವಿಶೇಷ, ಕಥೆಗೆ ಒಬ್ಬ ನಾಯಕ. ಕನ್ನಡದ ಮಟ್ಟಿಗೆ ಇವೆಲ್ಲ ಇವೆ. ಹರ್ಷನನ್ನು ತಡೆದ ಇಮ್ಮಡಿ ಪುಲಕೇಶಿ ಇದ್ದಾನೆ, ಅದಕ್ಕೆ 634ರ ಐಹೊಳೆ ಶಾಸನ ಸಾಕ್ಷಿ. ರಾಷ್ಟ್ರಕೂಟರಿದ್ದಾರೆ, ಹೊಯ್ಸಳರಿದ್ದಾರೆ, ವಿಜಯನಗರದ ಕೃಷ್ಣದೇವರಾಯ ಇದ್ದಾನೆ. ಒಡೆದು ಹೊಸ ಸಿವ್ ಮಾಡುವ ಪದ್ಧತಿಯೂ ಇದೆ ಎಂದು 2022 ತೋರಿಸಿದೆ. ವಿರುದ್ಧ ಏನಿದೆ? ದಕ್ಷಿಣ ಭಾರತದ ಕೆಲಸ ಮುಗಿಯಿತೆಂದು ತಯಾರಕರು ಭಾವಿಸಿರಬಹುದು. ಕೊರಿಯಾದ ಕಥೆಯಲ್ಲಿ ನೋಡಿದ ಮಾರುಕಟ್ಟೆಯ ಲೆಕ್ಕವೂ ಇದೆ. ಹಾಗಾಗಿ ನನ್ನ ಉತ್ತರ: ಬರಬಹುದು, ಆದರೆ ನಂಬಿ ಕೂರುವಷ್ಟು ಆಧಾರ ಇಲ್ಲ.

ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು 2025ರಲ್ಲಿ ನೋಡಿದೆವು. ಚೀನಾದ ಸುತ್ತಮುತ್ತಲಿನ ಡಿಎಲ್‌ಸಿ ಬರುತ್ತದೆ ಎಂದು ಗೊತ್ತಾದಾಗ ಟ್ಯಾಂಗುಟ್, ಬಾಯ್, ಟಿಬೆಟ್ ಎಂಬ ಹೆಸರುಗಳು ಆಟಗಾರರ ನಡುವೆ ಓಡಾಡಿದವು. ಮೇ ತಿಂಗಳಲ್ಲಿ ‘ದ ತ್ರೀ ಕಿಂಗ್ಡಮ್ಸ್’ ಬಂತು. ಜುರ್ಚೆನ್ ಮತ್ತು ಖಿತಾನರ ಜೊತೆಗೆ ಬಂದದ್ದು ಶು, ವೂ, ವೇ. ಅವು ಮೂರನೇ ಶತಮಾನದ ರಾಜ್ಯಗಳು, ಈ ಆಟದ ಕಾಲಕ್ಕಿಂತಲೂ ಹಿಂದಿನವು. ಬಯಕೆಯನ್ನೇ ಸುದ್ದಿ ಎಂದುಕೊಂಡಿದ್ದ ಬಹಳ ಜನ ಸಿಟ್ಟಾದರು. ತಯಾರಕರು ಆ ಹೆಸರುಗಳನ್ನು ಕೊಡುತ್ತೇವೆಂದು ಮಾತು ಕೊಟ್ಟಿರಲಿಲ್ಲ. ಆ ಮಾತನ್ನು ನಾವು ನಾವೇ ಕೊಟ್ಟುಕೊಂಡಿದ್ದೆವು.

ನಮ್ಮ ಮರೆತುಹೋದ ಸಾಮ್ರಾಜ್ಯ

ಈಗ ನನ್ನದೇ ಒಂದು ತಪ್ಪೊಪ್ಪಿಗೆ. ಆ ಹುಡುಗನಿಗೆ ನಾನು ತಿರುಗಿ ಕೇಳಿದೆ: “ನಮ್ಮದು ಅಂದರೆ ಯಾವುದು? ನಮ್ಮ ಇಗರ್ಜಿಗೆ ಮೊದಲು ಬಂದ ಮನೆಯವರು ಯಾರು ಗೊತ್ತಾ?” ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದ ಒಬ್ಬ ಅಜ್ಜಿ ನಮ್ಮ ವಾರ್ಡಿನಲ್ಲೇ ಇದ್ದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಮನೆಯಲ್ಲಿ ಏನು ಮಾತಾಯಿತು, ಹಳೆಯ ಹುಲ್ಲಿನ ಮಾಡಿನ ಇಗರ್ಜಿ ಎಲ್ಲಿತ್ತು, ಮಂಗಳೂರಿಗೆ ಹೇಗೆ ಹೋಗುತ್ತಿದ್ದರು, ಎಲ್ಲ ನೆನಪಿಟ್ಟಿದ್ದರು. ಕೂತು ಬರೆದುಕೊಳ್ಳೋಣ ಎಂದು ನಾವು ಎರಡು ವರ್ಷ ಹೇಳುತ್ತಲೇ ಇದ್ದೆವು. ಕ್ರಿಸ್ಮಸ್ ಕಳೆಯಲಿ, ಪರೀಕ್ಷೆ ಮುಗಿಯಲಿ, ಹಬ್ಬ ಆಗಲಿ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನ್ನ ನೋಟ್‌ಬುಕ್‌ನಲ್ಲಿರುವುದು ಅರ್ಧ ಪುಟ. ಪರದೇಶದ ಒಂದು ಕಂಪನಿ ನಮ್ಮ ಚರಿತ್ರೆ ಹೇಳಲಿಲ್ಲ ಎಂದು ಬೇಸರಪಡುವ ನಾನು, ಮನೆಯಿಂದ ಹತ್ತು ನಿಮಿಷ ದೂರದಲ್ಲಿದ್ದ ಚರಿತ್ರೆಯನ್ನು ಕೇಳಲು ಹೋಗಲಿಲ್ಲ.

ಹತ್ತು ಕನ್ಯೆಯರ ಸಾಮತಿಯ ಪ್ರಸಂಗ ಕೇಳಿದ್ದೇವೆ. ಮದುಮಗ ಎಷ್ಟು ಹೊತ್ತಿಗೆ ಬರುತ್ತಾನೆಂದು ಹತ್ತು ಮಂದಿಗೂ ಗೊತ್ತಿರಲಿಲ್ಲ. ಐದು ಮಂದಿ ಎಣ್ಣೆ ತಂದಿದ್ದರು, ಅಷ್ಟೇ ವ್ಯತ್ಯಾಸ. ಬೀಕ್‌ಮನ್ ಮತ್ತು ಗೆಳೆಯರ ಕಥೆಯಲ್ಲಿ ನನಗೆ ಕಂಡದ್ದೂ ಅದೇ. ಕಂಪನಿ ಮತ್ತೆ ಬಾಗಿಲು ತೆರೆಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ತೆರೆದಾಗ ಅವರ ಕೈಯಲ್ಲಿ ಕೆಲಸ ಸಿದ್ಧವಿತ್ತು.

ಆದ್ದರಿಂದ ಎರಡು ಸಲಹೆ.

ಮೊದಲನೆಯದು ಆಟ ಆಡುವವರಿಗೆ. ನಕ್ಷೆ ಮತ್ತು ಕಥೆ ಕಟ್ಟುವ ಸಿನಾರಿಯೋ ಎಡಿಟರ್ ಈ ಆಟದೊಳಗೇ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನ ಕಥೆಯನ್ನು ನಾವೇ ಮಾಡೋಣ. ಮಾಡಲು ಕೂತರೆ ಪ್ರಶ್ನೆಗಳು ಏಳುತ್ತವೆ: ಕೋಟೆ ಎಲ್ಲಿತ್ತು, ದೋಣಿಗಳು ಹೇಗಿದ್ದವು, ಒಬ್ಬಳೇ ಅಬ್ಬಕ್ಕನೋ ಒಬ್ಬರಿಗಿಂತ ಹೆಚ್ಚೋ? 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದಿಟ್ಟಿದ್ದಾನೆ. ಅದನ್ನು ಓದಬೇಕಾಗುತ್ತದೆ. ಓದದೆ ಒಳ್ಳೆಯ ಆಟ ಆಗುವುದಿಲ್ಲ.

ಎರಡನೆಯದು ಎಲ್ಲರಿಗೂ. ನಿಮ್ಮ ವಾರ್ಡಿನ ಗುರ್ಕಾರರನ್ನು ಕೇಳಿ 75 ದಾಟಿದವರ ಪಟ್ಟಿ ಮಾಡಿ. ವಾರಕ್ಕೊಂದು ಮನೆಗೆ ಇಬ್ಬಿಬ್ಬರು ಹೋಗೋಣ. ಫೋನಿನಲ್ಲಿ ರೆಕಾರ್ಡ್ ಮಾಡಿ, ಅದೇ ದಿನ ಬರೆದಿಡೋಣ. ಕೊಂಕಣಿ, ತುಳು, ಮಲಯಾಳ ಯಾವುದರಲ್ಲಿ ಹೇಳಿದರೂ ಸರಿ. ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್ ನೋಡಲು ನಮ್ಮ ಫಾದರ್ ಅವರಲ್ಲಿ ಅನುಮತಿ ಕೇಳುವುದು ನನ್ನ ಜವಾಬ್ದಾರಿ.

ಬರುವ ಭಾನುವಾರ ಎರಡನೇ ಪೂಜೆಯ ನಂತರ ಅದೇ ವರಾಂಡದಲ್ಲಿ ಸೇರೋಣ. ನೋಟ್‌ಬುಕ್ ತನ್ನಿ. ಆ ಹತ್ತನೇ ತರಗತಿಯ ಹುಡುಗ ತನ್ನ ಅಜ್ಜನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆಸಿದ್ದಾನೆ.

ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ.